ಲೆಕ್ಕದ ಹುಡುಗಿಯನ್ನು ಬರೆದದ್ದು

ಹುಡುಗಿ ಜಾಣೆ ಎಂದು ತೆರೆಯ ಮೇಲೆ ತೋರಿಸಲು ಎರಡು ಸುಲಭದ ದಾರಿಗಳಿವೆ: ಕನ್ನಡಕ, ಇಲ್ಲವೇ ಪಟಪಟನೆ ಉತ್ತರ. ಕನ್ನಡಕವನ್ನು ಮಧ್ಯಂತರದೊಳಗೆ ತೆಗೆಸಿ ಸುಂದರಿ ಮಾಡುತ್ತಾರೆ, ಆಮೇಲೆ ಅವಳ ಓದಿನ ಸುದ್ದಿಯೇ ಇರುವುದಿಲ್ಲ. ಪಟಪಟ ಉತ್ತರದ ಕಾಟ ಇನ್ನೂ ಹೆಚ್ಚು. 1962ರಲ್ಲಿ ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ ಭೂಮಿಯನ್ನು ಸುತ್ತಲು ಹೊರಡುವ ಮುನ್ನ, ಕಂಪ್ಯೂಟರ್ ಹಾಕಿದ ಲೆಕ್ಕವನ್ನು ನಾಸಾದ ಗಣಿತಜ್ಞೆ ಕ್ಯಾಥರೀನ್ ಜಾನ್ಸನ್ ಒಮ್ಮೆ ನೋಡಲಿ ಎಂದು ಕೇಳಿದ್ದು ನಿಜ. (43 ವರ್ಷದ ಆಕೆಯನ್ನು ಅವರು ‘ಹುಡುಗಿ’ ಎಂದೇ ಕರೆದಿದ್ದರು.) ಆ ಲೆಕ್ಕಕ್ಕೆ ಆಕೆಗೆ ಒಂದೂವರೆ ದಿನ ಹಿಡಿಯಿತು. 2016ರ ‘ಹಿಡನ್ ಫಿಗರ್ಸ್’ ಚಿತ್ರದಲ್ಲಿ ಅದೇ ಕೆಲಸ ಉಡಾವಣೆಯ ಹೊತ್ತಿನ ಗಡಿಬಿಡಿಯಲ್ಲಿ ಮುಗಿದುಹೋಗುತ್ತದೆ. ಸಿನಿಮಾಕ್ಕೆ ಆ ಓಟ ಬೇಕಿತ್ತು, ಒಪ್ಪುತ್ತೇನೆ. ನನಗೆ ಬರೆಯಬೇಕೆನಿಸಿದ್ದು ಆ ಒಂದೂವರೆ ದಿನವನ್ನು.

ನನ್ನ ಚಿತ್ರಕಥೆಯ ಹುಡುಗಿ ಲೆಕ್ಕಪತ್ರದ ಕೆಲಸಕ್ಕೆ ಹೊಸಬಳು. ಅವಳಿಗೆ ನಿಜವಾಗಿ ಏನು ಗೊತ್ತು ಎಂಬುದನ್ನು ಮೊದಲು ಗಟ್ಟಿ ಮಾಡಿಕೊಂಡೆ. ಬೆನ್‌ಫೋರ್ಡ್ ನಿಯಮ ಸಿಕ್ಕಿತು. ತಾನಾಗಿ ಹುಟ್ಟುವ ದೊಡ್ಡ ಲೆಕ್ಕಗಳಲ್ಲಿ ಸುಮಾರು 30 ಶೇಕಡಾ ಸಂಖ್ಯೆಗಳು 1ರಿಂದ ಶುರುವಾಗುತ್ತವೆ. 9ರಿಂದ ಶುರುವಾಗುವವು 5 ಶೇಕಡಾಕ್ಕೂ ಕಡಿಮೆ. ನನ್ನ ಕಥೆಯ ಕಚೇರಿಯಲ್ಲಿ 10,000 ಮುಟ್ಟಿದ ಬಿಲ್ಲಿಗೆ ಮೇಲಧಿಕಾರಿಯ ಸಹಿ ಬೇಕು. ಹಾಗಾಗಿ ಕಳ್ಳ ಬಿಲ್ಲುಗಳೆಲ್ಲ 9,700, 9,850 ಹೀಗೆ. ಅವಳ ಕಣ್ಣಿಗೆ ಬೀಳುವುದು 9ರ ಗುಂಪು.

ಈ ನಿಯಮ ನನಗೆ ಇಷ್ಟವಾದದ್ದು ಅದರಿಂದ ಬರೀ ಅನುಮಾನ ಹುಟ್ಟುತ್ತದೆ, ಪುರಾವೆ ಸಿಗುವುದಿಲ್ಲ ಎಂಬ ಕಾರಣಕ್ಕೆ. ಅನುಮಾನ ಬಂದ ಮೇಲೆ ಅವಳು ಒಂದೊಂದೇ ಬಿಲ್ಲು ತೆಗೆದು ನೋಡಲೇಬೇಕು. ನಿರ್ದೇಶಕರಿಗೆ ಅಂಕಿಗಳು ಗಾಳಿಯಲ್ಲಿ ತೇಲಬೇಕಿತ್ತು. ಬೇಡವೆಂದೆ. ಬಿಲ್ಲುಗಳನ್ನು ಮೊದಲ ಅಂಕಿಯ ಪ್ರಕಾರ ಮೇಜಿನ ಮೇಲೆ ಅವಳೇ ಜೋಡಿಸುತ್ತ ಹೋಗಲಿ, ಕೊನೆಯ ರಾಶಿ ಎತ್ತರವಾಗುತ್ತ ಹೋಗುವುದನ್ನು ಪ್ರೇಕ್ಷಕರೂ ನೋಡಲಿ. ವಿವರಣೆಯ ಡೈಲಾಗ್ ಒಂದೂ ಇಲ್ಲ. ನಾಯಕ ಅವಳನ್ನು ‘ನೀನು ಎಷ್ಟು ಬುದ್ಧಿವಂತೆ’ ಎಂದು ಹೊಗಳುವ ಮಾತು ಮೊದಲ ಕರಡಿನಲ್ಲಿತ್ತು, ಹೊಡೆದುಹಾಕಿದೆ. ಬೇರೆಯವರ ಬಾಯಲ್ಲಿ ಹೇಳಿಸಬೇಕಾದರೆ ಸೀನ್ ಇನ್ನೂ ಕೂತಿಲ್ಲ ಎಂದೇ ನನ್ನ ಲೆಕ್ಕ.

ಹಾಡಿನದು ಬೇರೆಯೇ ರಗಳೆ. ಟ್ಯೂನ್ ಮೊದಲೇ ಬಂದಿತ್ತು, ಸಂದರ್ಭವೂ ಗೊತ್ತಾಗಿತ್ತು: ನಾಯಕ ಅವಳ ಕಣ್ಣುಗಳ ಬಗ್ಗೆ ಹಾಡುವುದು. ಜನಪ್ರಿಯ ಹಾಡುಗಳಲ್ಲಿ ಜಾಣೆ ಬಹುಪಾಲು ‘ನೀನು’ ಆಗಿಯೇ ಇರುತ್ತಾಳೆ. ಅವಳ ಬುದ್ಧಿ ಹಾಡುವವನಿಗೆ ಬೆರಗು, ಇಲ್ಲವೇ ಬೆದರಿಕೆ. ಅದೇ ಟ್ಯೂನನ್ನು ಅವಳಿಗೆ ಕೊಡಿ ಎಂದು ಸಂಗೀತ ನಿರ್ದೇಶಕರನ್ನು ಕೇಳಿದೆ. ಶ್ರುತಿ ಬದಲಾಯಿಸಬೇಕೆಂದು ಗೊಣಗಿದರು, ಕೊಟ್ಟರು. ಪಲ್ಲವಿಯಲ್ಲಿ ಉಪಮೆ ಇಡದೆ ಬರೀ ಕ್ರಿಯಾಪದಗಳಲ್ಲಿ ಕಟ್ಟಿದೆ:

ಕೂಡಿ ಕಳೆದು ಮತ್ತೆ ಕೂಡಿ
ಏಕೆ ಒಂದು ಉಳಿಯಿತು

ಟ್ಯೂನ್ ಎರಡನೇ ಸಾಲಿನಲ್ಲಿ ಮೇಲೇರಿ ನಿಲ್ಲುತ್ತದೆ. ಅಲ್ಲಿ ಸಾಮಾನ್ಯವಾಗಿ ಪ್ರೀತಿಯ ಮಾತು ಬೀಳುತ್ತದೆ. ಪ್ರಶ್ನೆ ಅದಕ್ಕಿಂತ ಚೆನ್ನಾಗಿ ಕೂತಿತು.

ಚಿತ್ರೀಕರಣಕ್ಕೆ ಖಾಲಿ ಕಾಗದದ ಬದಲು ಅಂಕಿ ತುಂಬಿದ ಬಿಲ್ಲುಗಳನ್ನೇ ಅಚ್ಚು ಹಾಕಿಸಿದೆವು. ನಟಿ ನಿಜವಾಗಿಯೂ ವಿಂಗಡಿಸುತ್ತ ಕೂತರು, ನಡುವೆ ಒಂದು ಬಿಲ್ಲನ್ನು ತಪ್ಪು ರಾಶಿಗೆ ಹಾಕಿ ವಾಪಸ್ ತೆಗೆದರು. ಅದನ್ನೇ ಉಳಿಸಿಕೊಂಡೆವು. ಸಂಕಲನಕಾರರಿಗೆ ಆ ಶಾಟ್ ಉದ್ದವೆನಿಸಿತು. ಅರ್ಧ ಕತ್ತರಿಸಿದರು, ಕತ್ತರಿಸಿದ ಅರ್ಧವನ್ನು ಹಾಡಿನ ಎರಡನೇ ಚರಣದ ಮೇಲೆ ಹಾಕಿಸಿಕೊಂಡೆ.