ಇನ್ವರ್ಟರ್ ಬ್ಯಾಟರಿಯ ಚಾಕರಿ: ನಾನು ಮಾಡೋದು ಹೀಗೆ

ಮಲೆನಾಡಿನಲ್ಲಿ ಮಳೆಗಾಲ ಅಂದ್ರೆ ಕರೆಂಟ್ ಇಲ್ಲದ ಕಾಲ. ಮರ ಬಿದ್ದು ತಂತಿ ಕಡಿದರೆ, ಲೈನ್‌ಮನ್ ಬಂದು ಸರಿ ಮಾಡುವ ತನಕ ಇನ್ವರ್ಟರೇ ಗತಿ. ನಮ್ಮನೇಲಿ ಇರೋದು 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್, ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಲೆಕ್ಕ) ಟ್ಯೂಬುಲರ್ ಬ್ಯಾಟರಿ, ಅಂದ್ರೆ ಪ್ಲಸ್ ಪ್ಲೇಟು ಕೊಳವೆಗಳ ರೂಪದಲ್ಲಿ ಇರುವಂಥದ್ದು. ಅದರ ಚಾಕರಿ ಪೂರ್ತಿ ನಂದೇ.

ಒಳಗಡೆ ಆರು ಸೆಲ್ ಇರುತ್ತವೆ, ಒಂದೊಂದಕ್ಕೆ ಎರಡು ವೋಲ್ಟಿಗಿಂತ ಸ್ವಲ್ಪ ಜಾಸ್ತಿ. ಪ್ಲಸ್ ಪ್ಲೇಟಿನಲ್ಲಿ ಸೀಸದ ಡೈಆಕ್ಸೈಡ್, ಮೈನಸ್‌ನಲ್ಲಿ ಬರೀ ಸೀಸ, ನಡುವೆ ತೆಳು ಮಾಡಿದ ಗಂಧಕಾಮ್ಲ. ಕರೆಂಟ್ ಎಳೆದ ಹಾಗೆ ಆ್ಯಸಿಡ್‌ನ ಗಂಧಕದ ಭಾಗ ಎರಡೂ ಪ್ಲೇಟಿಗೆ ಹತ್ತಿಕೊಳ್ಳುತ್ತದೆ, ಉಳಿದದ್ದು ನೀರಾಗುತ್ತಾ ಹೋಗುತ್ತದೆ. ಚಾರ್ಜ್ ಮಾಡಿದರೆ ವಾಪಸ್ ಬಿಡುತ್ತದೆ. ಇಳಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಹತ್ತಿಕೊಂಡದ್ದು ಹರಳುಗಟ್ಟಿ ಕೂತುಬಿಡುತ್ತದೆ, ಆಮೇಲೆ ಚಾರ್ಜಿಗೂ ಜಗ್ಗಲ್ಲ. ಊರಿಗೆ ಹೋಗುವಾಗ ಇನ್ವರ್ಟರಿನ ಪ್ಲಗ್ ಕಿತ್ತು ಹೋಗಬೇಡಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ.

ಚಾರ್ಜ್ ತುಂಬುತ್ತಾ ಬಂದಾಗ ಒಳಗಿನ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಹೊರಟುಹೋಗುತ್ತದೆ. ಹೋಗುವುದು ನೀರು ಮಾತ್ರ, ಆ್ಯಸಿಡ್ ಒಳಗೇ ಇರುತ್ತದೆ. ಹಾಗಾಗಿ ಹಾಕಬೇಕಾದ್ದೂ ಡಿಸ್ಟಿಲ್ಡ್ ವಾಟರ್ ಮಾತ್ರ. 'ಸ್ವಲ್ಪ ಆ್ಯಸಿಡ್ ಹಾಕಿದರೆ ಜೋರಾಗುತ್ತೆ' ಅನ್ನೋರ ಮಾತು ಕೇಳಬೇಡಿ, ಪ್ಲೇಟು ತಿಂದುಹೋಗುತ್ತದೆ. ಬಾವಿ ನೀರೂ ಬೇಡ, ಅದರಲ್ಲಿ ಲವಣ ಇರುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದು ಹಾಕುವವರೂ ಇದ್ದಾರೆ. ಧೂಳು, ಲೋಹದ ಅಂಶ ಎಲ್ಲ ಸೇರಿರುವ ನೀರು ಅದು. ನಾಲ್ಕು ಕಾಸು ಉಳಿಸೋಕೆ ಅಷ್ಟು ದುಬಾರಿ ಬ್ಯಾಟರಿ ಹಾಳು ಮಾಡಿಕೊಳ್ಳೋದ್ಯಾಕೆ ಅಲ್ವಾ? ನಾನು ಫುಲ್ ಚಾರ್ಜ್ ಆದ ಮೇಲೆ, ನೀರಿನ ಮಟ್ಟ ತೋರಿಸುವ ಫ್ಲೋಟಿನ ಗುರುತು ನೋಡಿಕೊಂಡು ಹಾಕುತ್ತೇನೆ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಕ್ಕಿ ಚೆಲ್ಲುತ್ತದೆ.

ಇನ್ನು ಟರ್ಮಿನಲ್, ಅಂದ್ರೆ ಕೇಬಲ್ ಸಿಕ್ಕಿಸುವ ಸೀಸದ ಕಂಬ. 'ಬ್ಯಾಕಪ್ ಬರ್ತಿಲ್ಲ, ಬ್ಯಾಟರಿ ಹೋಯ್ತು' ಅಂತ ಅಕ್ಕಪಕ್ಕದವರು ಕರೆದಾಗ ನಾನು ಮೊದಲು ನೋಡುವುದು ಅಲ್ಲೇ. ಬಿಳಿ ಇಲ್ಲವೇ ಹಸಿರು ಪುಡಿ ಕಟ್ಟಿದ್ದರೆ ಅರ್ಧ ಉತ್ತರ ಸಿಕ್ಕ ಹಾಗೆ. ಉಳಿದರ್ಧ ಮಲ್ಟಿಮೀಟರ್ ಹೇಳುತ್ತದೆ. ಮೇನ್ ಆಫ್ ಮಾಡಿ, ಫ್ಯಾನು, ಲೈಟು ಎಲ್ಲ ಇನ್ವರ್ಟರ್ ಮೇಲೆ ಓಡುವಾಗ ಒಂದು ಕಡ್ಡಿಯನ್ನು ಸೀಸದ ಕಂಬದ ಮೇಲೆ ಇಡುತ್ತೇನೆ, ಇನ್ನೊಂದನ್ನು ಕೇಬಲ್ಲಿನ ತುದಿಯ ಲೋಹದ ಲಗ್ ಮೇಲೆ. ಎರಡೂ ಒಂದಕ್ಕೊಂದು ತಾಗಿರುವ ಲೋಹ, ಮೀಟರ್ ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ತೋರಿಸಿದರೆ ಅಷ್ಟು ಆ ಕೀಲಿನಲ್ಲೇ ಸೋರಿಹೋಗುತ್ತಿದೆ ಅಂತ ಲೆಕ್ಕ. ಮಿಕ್ಸಿಯಂಥ 600 ವ್ಯಾಟಿನ ಲೋಡಿಗೆ ಬ್ಯಾಟರಿಯಿಂದ 50 ಆಂಪಿಯರ್‌ಗೂ ಜಾಸ್ತಿ ಹರಿಯುತ್ತದೆ. 0.02 ಓಮ್ ತಡೆ ಇದ್ದರೂ ಒಂದು ವೋಲ್ಟ್ ಹೋಯಿತು! ಬ್ಯಾಟರಿ ಖಾಲಿಯಾಯಿತು ಅಂದುಕೊಂಡು ಇನ್ವರ್ಟರ್ ಕೂಗಿ ಆಫ್ ಆಗುತ್ತದೆ. ಪಾಪ, ಬ್ಯಾಟರಿ ತುಂಬಿಯೇ ಇರುತ್ತದೆ.

ತೊಳೆಯುವ ಮೊದಲು ಇನ್ವರ್ಟರ್ ಆಫ್ ಮಾಡಿ, ಪ್ಲಗ್ ತೆಗೆದು, ಮೈನಸ್ ಕೇಬಲ್ ಮೊದಲು ಬಿಚ್ಚುತ್ತೇನೆ. ಉಂಗುರ, ವಾಚು ತೆಗೆದಿಡುವುದು ಕಡ್ಡಾಯ. ಎರಡು ಟರ್ಮಿನಲ್ ನಡುವೆ ಲೋಹ ಸಿಕ್ಕಿದರೆ ಕಣ್ಣು ಮಿಟುಕಿಸುವುದರೊಳಗೆ ಕೆಂಡವಾಗುತ್ತದೆ. ನೀರು ಹಾಕುವ ಮುಚ್ಚಳ ಬಿಗಿ ಇದೆಯಾ ಅಂತ ನೋಡಿಕೊಂಡು, ಬಿಸಿ ನೀರಿಗೆ ಅಡುಗೆ ಸೋಡಾ ಕಲಸಿ ಟರ್ಮಿನಲ್ ಮೇಲೆ ಹೊಯ್ದರೆ ಬುರುಬುರು ನೊರೆ ಬಂದು ಪುಡಿ ಕರಗುತ್ತದೆ. ಸೋಡಾ ಒಳಗೆ ಹೋಗಬಾರದು. ಒರೆಸಿ, ಒಣಗಿಸಿ, ನಟ್ ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿದರೆ ಮುಗಿಯಿತು.

ಇಷ್ಟಾದರೂ ಬ್ಯಾಕಪ್ ಕಡಿಮೆ ಅಂದರೆ, ಒಳಗಿನ ಆ್ಯಸಿಡ್ ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಅಂತ ಅಳೆಯುವ ಹೈಡ್ರೋಮೀಟರ್ ತೆಗೆಯುತ್ತೇನೆ. ಫುಲ್ ಚಾರ್ಜ್ ಆದ ಟ್ಯೂಬುಲರ್ ಸುಮಾರು 1.240 ತೋರಿಸಬೇಕು. ಐದು ಸೆಲ್ ಸರಿಯಿದ್ದು ಒಂದು ತುಂಬಾ ಹಿಂದೆ ಬಿದ್ದಿದ್ದರೆ ಆಗ ಮಾತ್ರ ಬ್ಯಾಟರಿಯ ಆಸೆ ಬಿಡಬಹುದು.

ಲೋಡಿನ ವಿಷಯಕ್ಕೆ ಬಂದರೆ, 150ನ್ನು 12ರಿಂದ ಗುಣಿಸಿ, 1800 ವ್ಯಾಟ್-ಅವರ್. ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅನ್ನೋದು ನನ್ನ ಕಟ್ಟುನಿಟ್ಟು. ಇನ್ವರ್ಟರ್ ತಿನ್ನುವುದನ್ನು ಕಳೆದರೆ ಕೈಗೆ ಸಿಗುವುದು ಹೆಚ್ಚುಕಡಿಮೆ 700. ನಾಲ್ಕು 9 ವ್ಯಾಟಿನ ಎಲ್‌ಇಡಿ ಬಲ್ಬು, ವೈಫೈ ರೌಟರ್, ಒಂದು 75 ವ್ಯಾಟಿನ ಹಳೇ ಫ್ಯಾನು ಹಾಕಿದರೆ ಆರು ಗಂಟೆಯೂ ಬರಲ್ಲ. ಅದೇ ಫ್ಯಾನನ್ನು 30 ವ್ಯಾಟಿನ ಬಿಎಲ್‌ಡಿಸಿಗೆ (ಕಡಿಮೆ ಕರೆಂಟ್ ತಿನ್ನುವ, ಬ್ರಷ್ ಇಲ್ಲದ ಮೋಟಾರಿನ ಫ್ಯಾನು) ಬದಲಾಯಿಸಿದ ಮೇಲೆ ಒಂಬತ್ತು ಗಂಟೆ ಎಳೆಯುತ್ತಿದೆ. ಎರಡನೇ ಬ್ಯಾಟರಿ ಕೊಳ್ಳುವ ಯೋಚನೆ ಇದ್ದವರು ಮೊದಲು ಫ್ಯಾನ್ ಬದಲಾಯಿಸಿ ನೋಡಿ.