ಪಾರ್ಸೆಲ್ ಹಬ್‌ನಲ್ಲಿ ವೇಗ ಎಲ್ಲಿ ಸೋರಿಹೋಗುತ್ತದೆ

ಕ್ರಾಸ್‌ಬೆಲ್ಟ್ ಸಾರ್ಟರ್, ಅಂದರೆ ಪಾರ್ಸೆಲ್‌ಗಳನ್ನು ಹೊತ್ತು ಸುತ್ತುತ್ತಾ ಊರಿನ ಪ್ರಕಾರ ಬದಿಗೆ ಇಳಿಸುವ ಯಂತ್ರ, ಹಾಕಿಸುವವರು ಮೊದಲು ಕೇಳುವುದು ಗಂಟೆಗೆ ಎಷ್ಟು ಪಾರ್ಸೆಲ್ ಎಂದು. ಲೆಕ್ಕವೇನೋ ಸುಲಭ. ಸಾರ್ಟರ್ ಸೆಕೆಂಡಿಗೆ 2 ಮೀಟರ್ ಓಡುತ್ತಿದ್ದು, ಒಂದು ಕ್ಯಾರಿಯರ್‌ನಿಂದ (ಪಾರ್ಸೆಲ್ ಹೊರುವ ಪುಟ್ಟ ಬೆಲ್ಟ್ ಗಾಡಿ) ಮುಂದಿನ ಕ್ಯಾರಿಯರ್‌ಗೆ 0.8 ಮೀಟರ್ ಇದ್ದರೆ ಸೆಕೆಂಡಿಗೆ ಎರಡೂವರೆ, ಗಂಟೆಗೆ 9,000 ಕ್ಯಾರಿಯರ್. ಖಾಲಿ ಹೋದವು, ಉದ್ದನೆಯ ಪೆಟ್ಟಿಗೆಗಾಗಿ ಜೋಡಿಯಾಗಿ ಹೋದವು, ಇಳಿಸದ ಸರಕನ್ನು ಹೊತ್ತು ಮತ್ತೆ ಸುತ್ತಿ ಬಂದವು, ಎಲ್ಲ ಇದರಲ್ಲೇ ಕಳೆಯಬೇಕು. ಯೋಜನೆ ಹಾಕುವಾಗ ನಾನು ಈ ಸಂಖ್ಯೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ನಂಬುವುದಿಲ್ಲ.

ಮೊದಲ ಸೋರಿಕೆ ತುಂಬುವ ಕಡೆ. ಲಾರಿಯಿಂದ ಬರುವ ರಾಶಿಯನ್ನು ಒಂದೊಂದಾಗಿ ಬಿಡಿಸಬೇಕು, ನಡುವೆ ಅಂತರ ಬರಬೇಕು. ಅಂತರ ಮೂಡಿಸುವುದು ಬೆಲ್ಟ್‌ಗಳ ವೇಗದ ವ್ಯತ್ಯಾಸ: ಸೆಕೆಂಡಿಗೆ ಅರ್ಧ ಮೀಟರ್ ವೇಗದ ಬೆಲ್ಟ್ ಮೇಲೆ ಒಂದಕ್ಕೊಂದು ತಾಗಿಕೊಂಡು ಬಂದ 40 ಸೆಂ.ಮೀ. ಪೆಟ್ಟಿಗೆಗಳು ಒಂದು ಮೀಟರ್ ವೇಗದ ಬೆಲ್ಟ್‌ಗೆ ದಾಟಿದರೆ ನಡುವೆ 40 ಸೆಂ.ಮೀ. ಜಾಗ ಬಿಡುತ್ತದೆ. ಅಕ್ಕಪಕ್ಕ ಕೂತು ಬಂದವಕ್ಕೆ ಈ ಉಪಾಯ ನಡೆಯದು. ಸೆನ್ಸರ್ ಎರಡನ್ನೂ ಒಂದೇ ಪಾರ್ಸೆಲ್ ಎಂದು ತಿಳಿದು ಒಂದೇ ಊರಿಗೆ ಕಳಿಸುತ್ತದೆ. ಕೈಯಿಂದ ಇಡುವ ಕಡೆ ಒಬ್ಬರು ಮೂರು ಸೆಕೆಂಡಿಗೆ ಒಂದು ಇಟ್ಟರೂ ಗಂಟೆಗೆ 1,200 ಅಷ್ಟೇ. 9,000 ತುಂಬಬೇಕೆಂದರೆ ಎಂಟು ಲೈನ್ ಬೇಕು, ಎಂಟರಲ್ಲೂ ಸರಕು ಕೈಗೆಟುಕುವ ಎತ್ತರದಲ್ಲಿ ಕಾದಿರಬೇಕು.

ಉದ್ದನೆಯ ಕೊಳವೆ, ಉರುಳುವ ಡಬ್ಬ, ಪಟ್ಟಿ ಜೋತಾಡುವ ಚೀಲ ಇವನ್ನು ಇಲ್ಲಿಯೇ ಬೇರೆ ತೆಗೆಯುತ್ತೇವೆ. ಒಳಗೆ ಹೋದ ಮೇಲೆ ಒಂದು ಪಟ್ಟಿ ಸಿಕ್ಕಿಕೊಂಡರೆ ಇಡೀ ಸುತ್ತು ನಿಲ್ಲುತ್ತದೆ.

ಆಮೇಲೆ ಸ್ಕ್ಯಾನಿಂಗ್. ಓದಲಾಗದ ಬಾರ್‌ಕೋಡ್‌ಗಳ ಸಂಖ್ಯೆ ಏರಿದಾಗ ಕ್ಯಾಮೆರಾ ಬದಲಿಸುವ ಮಾತು ತಕ್ಷಣ ಬರುತ್ತದೆ. ಅದಕ್ಕೂ ಮುಂಚೆ ಓದಲಾಗದವನ್ನು ಪಾರ್ಸೆಲ್ ಕಳಿಸಿದವರ ಪ್ರಕಾರ ವಿಂಗಡಿಸಿ ನೋಡಿ. ಎಲ್ಲರದ್ದೂ ಏರಿದ್ದರೆ ಲೆನ್ಸ್ ಮೇಲೆ ಧೂಳು ಕೂತಿದೆ ಅಥವಾ ಬೆಳಕು ಕುಂದಿದೆ. ಒಬ್ಬರದ್ದೇ ಏರಿದ್ದರೆ ಅವರ ಲೇಬಲ್‌ನಲ್ಲೇ ದೋಷ: ಪೆಟ್ಟಿಗೆಯ ಅಂಚಿನ ಮೇಲೆ ಮಡಚಿ ಅಂಟಿಸಿರುತ್ತಾರೆ, ಹೊಳೆಯುವ ಟೇಪ್ ಮೆತ್ತಿರುತ್ತಾರೆ, ಅಥವಾ ಗೆರೆಗಳ ಎರಡೂ ಬದಿಯ ಖಾಲಿ ಜಾಗ ಸಾಲದು. ಕೋಡ್ 128 ಎಂಬ ಬಗೆಯ ಬಾರ್‌ಕೋಡ್‌ಗೆ ಎರಡೂ ಬದಿಯಲ್ಲಿ ಅತಿ ಸಣ್ಣ ಗೆರೆಯ ಅಗಲದ 10 ಪಟ್ಟು ಖಾಲಿ ಜಾಗ ಬೇಕು.

ಥರ್ಮಲ್ ಪ್ರಿಂಟರ್‌ನ ತಲೆಯಲ್ಲಿ ಬಿಸಿಯಾಗುವ ಚುಕ್ಕೆಗಳಲ್ಲಿ ಒಂದು ಸತ್ತರೆ ಕಾಗದ ಓಡುವ ದಿಕ್ಕಿನಲ್ಲಿ ಸಣ್ಣ ಬಿಳಿ ಗೀಟು ಬೀಳುತ್ತದೆ. ಬಾರ್‌ಕೋಡ್ ಗೆರೆಗಳೂ ಅದೇ ದಿಕ್ಕಿನಲ್ಲಿದ್ದರೆ ಒಂದು ಗೆರೆ ಉದ್ದಕ್ಕೂ ಹಾಳು, ಓದು ಕೆಡುತ್ತದೆ. ಗೆರೆಗಳು ಅಡ್ಡಕ್ಕಿದ್ದರೆ ಬಿಳಿ ಗೀಟು ಎಲ್ಲ ಗೆರೆಗಳನ್ನೂ ಒಂದಿಷ್ಟೇ ಕತ್ತರಿಸುತ್ತದೆ, ಓದು ಸಲೀಸು. ಹೆಚ್ಚು ಸರಕು ಕಳಿಸುವವರಿಗೆ ನಾನು ಮೊದಲು ಹೇಳುವುದೇ ಲೇಬಲ್‌ನಲ್ಲಿ ಬಾರ್‌ಕೋಡ್ ತಿರುಗಿಸಿ ಎಂದು. ಹಳೆಯ ಪೆಟ್ಟಿಗೆ ಮರುಬಳಸಿದವರು ಹಳೆಯ ಲೇಬಲ್ ಕಿತ್ತಿರುವುದಿಲ್ಲ. ಅದಕ್ಕೆ ನಮ್ಮ ಪಾರ್ಸೆಲ್ ಸಂಖ್ಯೆಯ ಉದ್ದ ಮತ್ತು ಆರಂಭದ ಅಕ್ಷರ ಹೊಂದುವುದನ್ನು ಮಾತ್ರ ಒಪ್ಪುವಂತೆ ಸ್ಕ್ಯಾನರ್‌ಗೆ ಹೇಳಿಟ್ಟಿರಬೇಕು.

ಸ್ಕ್ಯಾನರ್‌ನಿಂದ ಮೊದಲ ಚ್ಯೂಟ್ (ಒಂದೊಂದು ಊರಿನ ಸರಕು ಜಾರಿ ಇಳಿಯುವ ಜಾರುದಾರಿ) 10 ಮೀಟರ್ ದೂರವಿದ್ದರೆ, ಅದೇ 2 ಮೀಟರ್ ವೇಗದಲ್ಲಿ, ಯಾವ ಚ್ಯೂಟ್ ಎಂದು ಸರ್ವರ್‌ಗೆ ಉತ್ತರಿಸಲು ಸಿಗುವುದು 5 ಸೆಕೆಂಡ್. ಉತ್ತರ ತಡವಾದರೆ ಆ ಚ್ಯೂಟ್ ಕೈತಪ್ಪಿತು. ಬರಲಿರುವ ಸರಕಿನ ವಿವರವನ್ನು ಹಬ್‌ನ ಕಂಪ್ಯೂಟರಿಗೇ ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಕೈಕೊಟ್ಟಾಗಲೂ ಕೆಲಸ ನಿಲ್ಲುವುದಿಲ್ಲ.

ಅತಿ ದೊಡ್ಡ ಸೋರಿಕೆ ಇರುವುದು ಚ್ಯೂಟ್‌ಗಳಲ್ಲಿ. ಗಂಟೆಗೆ 6,000 ಪಾರ್ಸೆಲ್‌ನಲ್ಲಿ ಒಂದು ಊರಿನ ಪಾಲು 5 ಶೇಕಡಾ ಎಂದರೆ 300, ಅಂದರೆ ನಿಮಿಷಕ್ಕೆ 5. ಚ್ಯೂಟ್ 30 ಹಿಡಿದರೆ ಆರೇ ನಿಮಿಷಕ್ಕೆ ತುಂಬುತ್ತದೆ. ಇಂಥ ಎರಡು ಊರುಗಳನ್ನು ಅಕ್ಕಪಕ್ಕ ಕೊಟ್ಟರೆ ಅಲ್ಲಿ ಬ್ಯಾಗ್ ಕಟ್ಟುವವರು ಒದ್ದಾಡುತ್ತಾರೆ, ಆಚೆಯವರು ಸುಮ್ಮನೆ ನಿಂತಿರುತ್ತಾರೆ. ಭಾರಿ ಊರುಗಳನ್ನು ದೂರ ದೂರ ಹಂಚಿ, ಅತಿ ಭಾರಿ ಊರಿಗೆ ಎರಡು ಚ್ಯೂಟ್ ಕೊಟ್ಟು, ನಡುವೆ ಸಣ್ಣವನ್ನು ತುಂಬಿಸುತ್ತೇವೆ.

ಚ್ಯೂಟ್ ತುಂಬಿದಾಗ ಪಾರ್ಸೆಲ್ ಮತ್ತೆ ಸುತ್ತಲು ಹೋಗುತ್ತದೆ, ಒಂದು ಕ್ಯಾರಿಯರ್ ಹಿಡಿದಿಟ್ಟುಕೊಳ್ಳುತ್ತದೆ. ತುಂಬುವ ಕಡೆಯವರಿಗೆ ಖಾಲಿ ಕ್ಯಾರಿಯರ್ ಸಿಗುವುದಿಲ್ಲ, ಲೈನ್ ನಿಂತು ನಿಂತು ಸಾಗುತ್ತದೆ. ನೋಡಿದವರು ಅವರೇ ನಿಧಾನ ಎಂದು ಅಲ್ಲಿಗೆ ಇನ್ನಿಬ್ಬರನ್ನು ನಿಲ್ಲಿಸುತ್ತಾರೆ, ಪ್ರಯೋಜನವಿಲ್ಲ. ಮೊದಲು ಮರುಸುತ್ತಿನ ಎಣಿಕೆ ತೆರೆದು ಯಾವ ಚ್ಯೂಟ್‌ನಿಂದ ಎಂದು ನೋಡಬೇಕು. ಚ್ಯೂಟ್ ನಿಜಕ್ಕೂ ತುಂಬಿದ್ದರೆ ಜನರನ್ನು ಅಲ್ಲಿಗೆ ಕಳಿಸಬೇಕು. ಖಾಲಿಯಿದ್ದೂ ತುಂಬಿದೆ ಎನ್ನುತ್ತಿದ್ದರೆ ಹಗುರ ಪ್ಲಾಸ್ಟಿಕ್ ಚೀಲವೊಂದು ಸೆನ್ಸರ್ ಮುಂದೆ ಅಂಟಿ ಕೂತಿರುತ್ತದೆ, ಇಲ್ಲವೇ ಸೆನ್ಸರ್‌ನ ಕಾಯುವ ಸಮಯ ತೀರಾ ಕಡಿಮೆಯಾಗಿ, ಜಾರಿ ಹೋಗುವ ಪಾರ್ಸೆಲ್ಲನ್ನೇ ತಡೆ ಎಂದು ಓದುತ್ತಿರುತ್ತದೆ. ಎರಡು ಮೂರು ಸೆಕೆಂಡಿಗೆ ಏರಿಸಿದರೆ ಸರಿಹೋಗುತ್ತದೆ. ಮೂರು ಸುತ್ತಿನಲ್ಲೂ ಇಳಿಯದ್ದನ್ನು ರಿಜೆಕ್ಟ್ ಚ್ಯೂಟ್‌ಗೆ ತಳ್ಳುವ ಮಿತಿ ಇಟ್ಟಿರಬೇಕು, ಆ ಚ್ಯೂಟ್ ಬಳಿ ಲೇಬಲ್ ಪ್ರಿಂಟರ್ ಜೊತೆ ಒಬ್ಬರು ಪಾಳಿಯುದ್ದಕ್ಕೂ ಇರಬೇಕು. ಅದೇ ತುಂಬಿ ನಿಂತರೆ ಸರಕಿಗೆ ಇಳಿಯಲು ಬೇರೆ ಜಾಗವಿಲ್ಲ.