ಒಂದೇ ಕಾಫಿ ಕಣ, ಮೂರು ಲೆಕ್ಕ

ಸೋಮವಾರಪೇಟೆಯ ನಮ್ಮ ಮನೆಗೆ ಸಂಜೆ ಟ್ಯೂಷನ್‌ಗೆ ಬರುವ ಮಕ್ಕಳು ಲೆಕ್ಕವನ್ನು ಪೂರ್ತಿ ಓದುವ ಮೊದಲೇ "ಮಿಸ್, ಯಾವ ಸೂತ್ರ?" ಎಂದು ಕೇಳುತ್ತಾರೆ. ಸೂತ್ರ ಆಮೇಲೆ. ಮೊದಲು ಚಿತ್ರ ಬರೆಯಿರಿ. ಗೊತ್ತಿರುವ ಅಳತೆಗಳನ್ನು ಚಿತ್ರದ ಮೇಲೇ ಗುರುತು ಹಾಕಿ, ಗೊತ್ತಿಲ್ಲದ್ದಕ್ಕೆ ಒಂದು ಅಕ್ಷರ ಇಡಿ.

ಕಾಫಿ ಒಣಗಿಸುವ ಕಣವನ್ನೇ ತೆಗೆದುಕೊಳ್ಳೋಣ. ಉದ್ದ ಅಗಲಕ್ಕಿಂತ 7 ಮೀಟರ್ ಜಾಸ್ತಿ, ವಿಸ್ತೀರ್ಣ 60 ಚದರ ಮೀಟರ್. ಅಗಲ ಎಷ್ಟು?

ಅಗಲ "ಅ" ಆದರೆ ಉದ್ದ ಅ + 7. ಅ(ಅ + 7) = 60, ಅಂದರೆ ಅ² + 7ಅ − 60 = 0. ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ, ಎಡವುವುದು ಅಪವರ್ತನದಲ್ಲಿ. ಗುಣಿಸಿದರೆ −60, ಕೂಡಿದರೆ +7 ಬರುವ ಎರಡು ಸಂಖ್ಯೆ ಬೇಕು. 60ರ ಜೋಡಿಗಳನ್ನು ಸಾಲಾಗಿ ಬರೆಯಿರಿ: 3 × 20, 4 × 15, 5 × 12, 6 × 10. ಗುಣಲಬ್ಧ ಮೈನಸ್, ಹಾಗಾಗಿ ಒಂದು ಪ್ಲಸ್, ಇನ್ನೊಂದು ಮೈನಸ್. ವ್ಯತ್ಯಾಸ 7 ಇರುವ ಜೋಡಿ ಹುಡುಕಿದರೆ ಸಾಕು: 5 ಮತ್ತು 12. ಮೊತ್ತ ಪ್ಲಸ್ ಬರಬೇಕಲ್ವಾ, ದೊಡ್ಡದಕ್ಕೆ ಪ್ಲಸ್ ಹಾಕಿ. (ಅ + 12)(ಅ − 5) = 0. ಅ = 5 ಅಥವಾ −12.

ಜೋಡಿ ಹೊಳೆಯದಿದ್ದರೆ ವರ್ಗಸಮೀಕರಣದ ಸೂತ್ರ ಇದ್ದೇ ಇದೆ. ಶೋಧಕ, ಅಂದರೆ ಸೂತ್ರದ ವರ್ಗಮೂಲದೊಳಗಿನ b² − 4ac, 49 + 240 = 289, ಅದರ ವರ್ಗಮೂಲ 17. (−7 ± 17) ÷ 2 ಮಾಡಿದರೂ ಅದೇ ಉತ್ತರ. −12ನ್ನು ಸುಮ್ನೆ ಹೊಡೆದು ಹಾಕಬೇಡಿ, "ಅಗಲ ಋಣಾತ್ಮಕ ಆಗಲಾರದು" ಎಂದು ಬರೆಯಿರಿ. 5 × 12 = 60, ತಾಳೆಯಾಯಿತು.

ಇನ್ನು ಕಣದ ಮೂಲೆ ಸರಿಯಿದೆಯಾ? ಎದುರೆದುರು ಬದಿಗಳು ಸಮ ಇದ್ದರೆ, ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿಯಿರಿ. 5² + 12² = 25 + 144 = 169, ಆದ್ದರಿಂದ ಕರ್ಣ 13 ಮೀಟರ್ ಬಂದರೆ ಮೂಲೆ ಲಂಬಕೋನ. ಗಾರೆ ಕೆಲಸದವರು 3, 4, 5 ಅಡಿ ಗುರುತಿಟ್ಟು ನೋಡುವುದೂ ಇದನ್ನೇ. ಪರೀಕ್ಷೆಯಲ್ಲಿ ಮಾತ್ರ ಕಾರಣ ಕೊಡುವಾಗ "ಪೈಥಾಗೊರಸ್ ಪ್ರಮೇಯದ ವಿಲೋಮ" ಎಂದೇ ಬರೆಯಿರಿ. ಬಾಹುಗಳಿಂದ ಕೋನಕ್ಕೆ ಹೋಗುತ್ತಿದ್ದೀರಿ.

ಪಿಯುಸಿಯವರಿಗೆ ಕ್ಯಾಲ್ಕುಲಸ್. ದನ ನುಗ್ಗದಂತೆ ಈ ಕಣದ ಸುತ್ತ ಬಲೆ ಕಟ್ಟಲು 34 ಮೀಟರ್ ಬೇಕು. (ಆನೆಗೆ ಬಲೆಯೆಲ್ಲ ಲೆಕ್ಕಕ್ಕಿಲ್ಲ, ಅದು ಬೇರೆ ಮಾತು.) ಅಷ್ಟೇ ಬಲೆಯಲ್ಲಿ ಆಯತಾಕಾರದ ಎಷ್ಟು ದೊಡ್ಡ ಕಣ ಸುತ್ತುವರಿಯಬಹುದು? ಉದ್ದ, ಅಗಲ ಸೇರಿ 17. ವಿಸ್ತೀರ್ಣ ಅ(17 − ಅ) = 17ಅ − ಅ². ಅವಕಲನ ಮಾಡಿದರೆ (ಅ ಬದಲಾದಂತೆ ವಿಸ್ತೀರ್ಣ ಬದಲಾಗುವ ದರ ಕಂಡುಹಿಡಿದರೆ) 17 − 2ಅ. ಅದು ಸೊನ್ನೆಯಾಗುವುದು ಅ = 8.5 ಇದ್ದಾಗ. ಎರಡನೇ ಅವಕಲನ −2, ಹಾಗಾಗಿ ಇದು ಗರಿಷ್ಠ. ಹೆಚ್ಚಿನವರು 8.5ಕ್ಕೇ ಪೆನ್ನು ಕೆಳಗಿಡುತ್ತಾರೆ. ಕೇಳಿದ್ದು ವಿಸ್ತೀರ್ಣ: 8.5 × 8.5 = 72.25 ಚದರ ಮೀಟರ್.

ಎಸ್‌ಎಸ್‌ಎಲ್‌ಸಿ ಮಕ್ಕಳೂ ಇದನ್ನು ಮಾಡಬಹುದು. 17ಅ − ಅ² ಅನ್ನು 72.25 − (ಅ − 8.5)² ಎಂದು ಬರೆದು ನೋಡಿ. ವರ್ಗ ಯಾವತ್ತೂ ಸೊನ್ನೆಗಿಂತ ಕಮ್ಮಿಯಾಗದು. ಅದು ಸೊನ್ನೆಯಾದಾಗಲೇ ವಿಸ್ತೀರ್ಣ ಎಲ್ಲಕ್ಕಿಂತ ಜಾಸ್ತಿ.